ಕಡತದಲ್ಲಿ ಶಕುಂತಲೆ

ರೊಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮುಂಗಾರು ಹಿಡಿಯುವ ತನಕ, ಮೂಡಿಗೆರೆ–ಕಳಸದ ಕಡೆ ಒಂದಿಷ್ಟು ಒಳ್ಳೆಯ ಬಿಸಿಲು ಸಿಗುತ್ತದೆ. ನಡುವೆ ಒಂದೆರಡು ಹೂಮಳೆ ಬಿದ್ದರೂ ಮರುದಿನ ಮತ್ತೆ ಬಿಸಿಲೇ. ಕೈಯಾರೆ ಪುಸ್ತಕ ಮಾಡಬೇಕೆನ್ನುವ ಮಲೆನಾಡಿನವರು ಕಾಯಬೇಕಾದ್ದು ಈ ದಿನಗಳಿಗಾಗಿ. ಜೂನ್ ಬಂತೆಂದರೆ ಅಂಟು ಒಣಗುವುದಿಲ್ಲ, ರಟ್ಟು ನೆಟ್ಟಗೆ ನಿಲ್ಲುವುದಿಲ್ಲ, ಒಂದು ವಾರ ಮರೆತರೆ ಬೂಸಲು ಹಿಡಿಯುತ್ತದೆ.

ಇಲ್ಲಿ ವಿವರಿಸುವುದು ಒಂದು ನಿರ್ದಿಷ್ಟ ಪುಸ್ತಕ. ಉದ್ದ 8 ಅಡಿ, ಮಡಚಿದರೆ ಒಂದು ನೋಟ್‌ಬುಕ್ಕಿನಷ್ಟು, ಕಪ್ಪು ಬಟ್ಟೆಯ ಮೇಲೆ ಬಿಳಿ ಬರಹ. ಒಳಗಿರುವುದು ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’. ಓದುಗ ಇದರ ಕೆಲವು ಪುಟಗಳನ್ನು ತನ್ನ ಕೈಯಿಂದಲೇ ಒರೆಸಿಹಾಕಬೇಕು.

ಇಂಥದ್ದನ್ನು ಚಿತ್ರಕಲಾ ಶಾಲೆಗಳಲ್ಲಿ ‘ಆರ್ಟಿಸ್ಟ್ಸ್ ಬುಕ್’ ಎನ್ನುತ್ತಾರೆ. ಕಲೆಯ ಬಗ್ಗೆ ಬರೆದ ಪುಸ್ತಕವಲ್ಲ, ಪುಸ್ತಕವೇ ಕಲಾಕೃತಿ. ಕಾಗದ, ಮಡಿಕೆ, ಹೊಲಿಗೆ, ಪುಟ ತಿರುಗಿಸುವ ಕ್ರಮ ಎಲ್ಲವೂ ಅರ್ಥದ ಭಾಗ. ನಾಟಕಗಳಿಗೆ ಈ ರೂಪ ಚೆನ್ನಾಗಿ ಒದಗುತ್ತದೆ. ರಂಗ ವಿನ್ಯಾಸಕ ಎಡ್ವರ್ಡ್ ಗಾರ್ಡನ್ ಕ್ರೇಗ್ ‘ಹ್ಯಾಮ್ಲೆಟ್’ಗಾಗಿ ಪುಟ್ಟ ಮಾದರಿ ರಂಗವೊಂದನ್ನು ಕಟ್ಟಿಕೊಂಡಾಗ ಅದರಲ್ಲಿ ನಿಲ್ಲಿಸಲು ಚಪ್ಪಟೆ ಮರದ ಪಾತ್ರಗಳನ್ನು ಕೊರೆದಿದ್ದ. ಮುಂದೆ ಅವಕ್ಕೆ ಮಸಿ ಬಳಿದು ಕಾಗದದ ಮೇಲೂ ಒತ್ತಿ ನೋಡಿದ. ವೈಮಾರ್‌ನ ಕ್ರಾನಾಖ್ ಪ್ರೆಸ್ಸಿನಲ್ಲಿ ಹ್ಯಾರಿ ಕೆಸ್ಲರ್ ತಂದ ‘ಹ್ಯಾಮ್ಲೆಟ್’ ಪುಸ್ತಕ ಹುಟ್ಟಿದ್ದು ಆ ದಾರಿಯಲ್ಲಿ. ಅದರ ಇಂಗ್ಲಿಷ್ ಆವೃತ್ತಿ ಬಂದದ್ದು 1930ರಲ್ಲಿ. ಕೆಸ್ಲರ್ ಶ್ರೀಮಂತ, ವಿಶೇಷ ಕಾಗದ, ವಿಶೇಷ ಅಚ್ಚುಮೊಳೆ ಎಲ್ಲ ಮಾಡಿಸಿದ. ನಮಗೆ ಅದೊಂದೂ ಬೇಡ. ಬೇಕಾದ ರೂಪ ಚಿಕ್ಕಮಗಳೂರು ಜಿಲ್ಲೆಯೊಳಗೇ ಇದೆ.

ಶೃಂಗೇರಿಯ ಕಪ್ಪು ಬಟ್ಟೆ

ಶೃಂಗೇರಿ ಮಠದ ಹಳೆಯ ಲೆಕ್ಕಪತ್ರ, ಪತ್ರವ್ಯವಹಾರಗಳ ದೊಡ್ಡ ಪಾಲು ಉಳಿದಿರುವುದು ಕಡತಗಳಲ್ಲಿ. ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದ ಕಥೆ ಹಲವರಿಗೆ ಗೊತ್ತು; ಅದೇ ಮಠದ ಕಡತಗಳ ಬಗ್ಗೆ ಅಷ್ಟು ಮಾತಾಡುವುದಿಲ್ಲ. ಇತಿಹಾಸಕಾರ ಎ.ಕೆ. ಶಾಸ್ತ್ರಿಯವರು ಮಠದ ದಾಖಲೆಗಳನ್ನು ಸಂಪಾದಿಸಿ ಪ್ರಕಟಿಸಿದ್ದಾರೆ. ಕಡತ ಎಂದೊಡನೆ ತಾಲ್ಲೂಕು ಕಚೇರಿಯ ಫೈಲನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಹಳೆಯ ಕಡತವೆಂದರೆ ಹುಣಸೆ ಬೀಜದ ಸರಿಯಲ್ಲಿ ಇದ್ದಿಲು ಪುಡಿ ಕಲಸಿ, ಅದನ್ನು ಹತ್ತಿ ಬಟ್ಟೆಯ ಎರಡೂ ಮೈಗೆ ಬಳಿದು, ಒಣಗಿಸಿ, ಕತ್ತರಿಸದೆ ಹಿಂದೆ ಮುಂದೆ ಮಡಚಿದ ಪಟ್ಟಿ. ಬರೆಯುವುದು ಬಳಪದಲ್ಲಿ. ಶಾನುಭೋಗರು, ಅಂಗಡಿಯವರು, ಮಠದ ಪಾರುಪತ್ಯಗಾರರು ಎಲ್ಲರೂ ಇದನ್ನೇ ಬಳಸುತ್ತಿದ್ದರು.

ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬರಲು ತೊಡಗಿದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನು ಬಿಡಿಸಿ ವರ್ಣಿಸಿದ್ದಾನೆ. ಅವನ ಲೆಕ್ಕದಲ್ಲಿ ಬಟ್ಟೆಯ ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಎರಡು ತುದಿಗೂ ಬಣ್ಣ ಹಚ್ಚಿದ ತೆಳು ಮರದ ಹಲಗೆ, ಮೇಲೆ ಬಟ್ಟೆಯ ಚೀಲ ಅಥವಾ ಕಟ್ಟುವ ಪಟ್ಟಿ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು, ಒರೆಸದಿದ್ದರೆ ಬಹುಕಾಲ ಉಳಿಯುತ್ತದೆ ಎಂಬುದನ್ನೂ ಅವನು ಗಮನಿಸಿದ್ದ.

‘ಶಾಕುಂತಲ’ ಇಲ್ಲಿ ಹೊಂದುವುದು ಈ ಒರೆಸುವ ಗುಣದಿಂದಾಗಿ. ದುರ್ವಾಸನ ಶಾಪದಿಂದ ರಾಜ ದುಷ್ಯಂತನಲ್ಲಿ ಶಕುಂತಲೆಯ ನೆನಪು ಅಳಿಯುತ್ತದೆ, ಉಳಿಯುವುದು ಉಂಗುರವೊಂದೇ. ಒರೆಸಬಹುದಾದ ಪುಟದಲ್ಲಿ, ಒರೆಸಲಾಗದ ಒಂದು ವಸ್ತು. ನಾಟಕದ ಕಥೆಗೆ ಚಿತ್ರ ಬಿಡಿಸಿ ಅಂದದ ಆಲ್ಬಂ ಮಾಡುವುದು ಕಷ್ಟವಲ್ಲ, ಆದರೆ ಅದರಿಂದ ನಾಟಕಕ್ಕೆ ಹೊಸದಾಗಿ ಏನೂ ಆಗುವುದಿಲ್ಲ. ನಾಟಕ ಯಾವ ಕೆಲಸ ಮಾಡುತ್ತದೋ ಅದನ್ನು ಪುಸ್ತಕವೂ ಮಾಡುವಂತಿರಬೇಕು. ಮುಂದಿನ ಎಲ್ಲ ಲೆಕ್ಕಾಚಾರ ಅದಕ್ಕಾಗಿ.

ಯಾವ ಪಠ್ಯ?

ಇಡೀ ನಾಟಕವನ್ನು ಬರೆಯಲು ಹೋಗಬೇಡಿ. 32 ಪುಟದಲ್ಲಿ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಕೆಲವು ಮಾತು, ಕೆಲವು ರಂಗಸೂಚನೆ ಸಾಕು. ಕನ್ನಡದಲ್ಲಿ ಹಕ್ಕಿನ ತೊಡಕಿಲ್ಲದ ಹಳೆಯ ಅನುವಾದಗಳಿವೆ: 1870ರ ಆಸುಪಾಸಿನ ಚುರಮುರಿ ಶೇಷಗಿರಿರಾಯರದ್ದು, ಆಮೇಲೆ ‘ಅಭಿನವ ಕಾಳಿದಾಸ’ರೆಂದು ಹೆಸರಾದ ಬಸವಪ್ಪ ಶಾಸ್ತ್ರಿಗಳದ್ದು (1843–1891). ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡು 60 ವರ್ಷದವರೆಗೆ ಇರುತ್ತದೆ. ಹಾಗಾಗಿ ಎಸ್.ವಿ. ಪರಮೇಶ್ವರ ಭಟ್ಟರ ಅನುವಾದವಾಗಲಿ, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರ ‘ಲೋಕ ಶಾಕುಂತಲ’ವಾಗಲಿ ಇನ್ನೂ ಹಕ್ಕಿನೊಳಗೇ ಇವೆ. ಓದಿ ಅರ್ಥ ಮಾಡಿಕೊಳ್ಳಲು ಅವು ಬಹಳ ಒಳ್ಳೆಯವು. ಅವುಗಳ ಸಾಲನ್ನು ಪುಸ್ತಕದಲ್ಲಿ ಬರೆದು ಮಾರುವುದಾದರೆ ಅನುಮತಿ ಕೇಳಬೇಕು.

ಮೂಲ ನಾಟಕದಲ್ಲಿ ರಾಜ ಸಂಸ್ಕೃತ ಆಡಿದರೆ ಶಕುಂತಲೆ, ಅವಳ ಗೆಳತಿಯರು, ಮೀನುಗಾರ ಪ್ರಾಕೃತ ಆಡುತ್ತಾರೆ. ಈ ವ್ಯತ್ಯಾಸವನ್ನು ಕೈಬರಹದಲ್ಲೇ ತರಬಹುದು. ರಾಜನ ಮಾತು ಬಸವಪ್ಪ ಶಾಸ್ತ್ರಿಗಳ ಗ್ರಾಂಥಿಕ ಕನ್ನಡದಲ್ಲಿ, ಗುಂಡಗೆ, ಗೆರೆ ಎಳೆದು ಬರೆದದ್ದಾಗಲಿ. ಮೀನುಗಾರನ ಮಾತನ್ನು ಭದ್ರಾ ದಡದಲ್ಲಿ ಜನ ಆಡುವ ಹಾಗೆ ನೀವೇ ಬರೆದುಕೊಳ್ಳಿ. ಅನಸೂಯೆ, ಪ್ರಿಯಂವದೆ ನಿಮ್ಮ ಮನೆಯ ಹೆಂಗಸರ ಹಾಗೆ ಮಾತಾಡಲಿ. ಇದರಿಂದ ಹಕ್ಕಿನ ತಲೆನೋವೂ ತಪ್ಪುತ್ತದೆ.

ಬಟ್ಟೆ, ಸರಿ, ಇದ್ದಿಲು

ಬಟ್ಟೆ ಒರಟಾದ ಹತ್ತಿಯದಾಗಿರಲಿ. ಖಾದಿ ಅಥವಾ ದಪ್ಪ ಕೋರಾ ಬಟ್ಟೆ ಸರಿ. ಪಂಚೆ ತೀರಾ ತೆಳು, ಪಾಲಿಯೆಸ್ಟರ್ ಬೆರೆತದ್ದು ಸರಿಯನ್ನು ಹಿಡಿಯುವುದಿಲ್ಲ. ಕೋರಾ ಬಟ್ಟೆಗೆ ಗಂಜಿ ಇರುತ್ತದೆ. ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡ ಹಾಕಿ ಕುದಿಸಿ, ಚೆನ್ನಾಗಿ ಜಾಲಾಡಿ ಒಣಗಿಸಿ. ನಮಗೆ ಬೇಕಾದ ಪುಟದ ಅಳತೆ 6 ಅಂಗುಲ ಅಗಲ, 8 ಅಂಗುಲ ಎತ್ತರ. ಒಂದು ಬದಿಯ 16 ಪುಟಕ್ಕೆ 96 ಅಂಗುಲ, ಅಂದರೆ 8 ಅಡಿ. ಹಲಗೆಗೆ ಅಂಟಿಸಲು ಎರಡು ತುದಿಯಲ್ಲೂ 2 ಅಂಗುಲ. ಬಳಿದ ಮೇಲೆ ಬಟ್ಟೆ ಸ್ವಲ್ಪ ಎಳೆದುಕೊಳ್ಳುತ್ತದೆ. ಆದ್ದರಿಂದ 104 ಅಂಗುಲ ಉದ್ದ, 9 ಅಂಗುಲ ಅಗಲಕ್ಕೆ ಕತ್ತರಿಸಿ, ಕೊನೆಗೆ ಅಂಚು ಸವರುವುದು ಜಾಣತನ.

ಹುಣಸೆ ನಮ್ಮ ಘಟ್ಟದ ಮರವಲ್ಲ. ಕಡೂರು, ತರೀಕೆರೆ ಬಯಲಿನಿಂದ ಹಣ್ಣು ತರುವವರ ಹತ್ತಿರ ಬೀಜ ಕೇಳಿಟ್ಟುಕೊಳ್ಳಿ. ಕಾಲು ಕೆ.ಜಿ. ಸಾಕು, ಮಿಗುತ್ತದೆ. ಬಾಣಲೆಯಲ್ಲಿ ಸಿಪ್ಪೆ ಬಿರಿಯುವ ತನಕ ಹುರಿದು, ಒರಳಲ್ಲಿ ಕುಟ್ಟಿ ಸಿಪ್ಪೆ ಕೇರಿ ತೆಗೆದು, ಒಳಗಿನ ಬಿಳಿ ಬೇಳೆಯನ್ನು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನುಣ್ಣಗೆ ರುಬ್ಬಿ, ಹತ್ತರಷ್ಟು ನೀರು ಹಾಕಿ, ಕೈ ಬಿಡದೆ ತಿರುವುತ್ತಾ ಕುದಿಸಿ. ರಾಗಿ ಅಂಬಲಿಯ ಹದಕ್ಕೆ ಬಂದಾಗ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿ. ಇದು ಎರಡನೇ ದಿನಕ್ಕೇ ಹುಳಿತು ನಾರುತ್ತದೆ, ಒಂದು ಸಲಕ್ಕೆ ಬೇಕಾದಷ್ಟೇ ಮಾಡಿ.

ಇದ್ದಿಲಿಗೆ ತೆಂಗಿನ ಚಿಪ್ಪು ಒಳ್ಳೆಯದು. ಬಚ್ಚಲೊಲೆಯ ಕಟ್ಟಿಗೆ ಇದ್ದಿಲೂ ಆಗುತ್ತದೆ, ಆದರೆ ಬೂದಿ ಬೆರೆತರೆ ಬಣ್ಣ ಬೂದುಬೂದಾಗಿ ಬಿಳಿ ಗೆರೆ ಎದ್ದು ಕಾಣುವುದಿಲ್ಲ. ಕುಟ್ಟಿ, ಹಳೆ ಮಲ್ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಎರಡು ದಿನ ಕಪ್ಪಗೆ ಸೀನಬೇಕಾಗುತ್ತದೆ. ಒಂದು ಬಟ್ಟಲು ಸರಿಗೆ ಕಾಲು ಬಟ್ಟಲು ಪುಡಿಯಿಂದ ಶುರುಮಾಡಿ, ಬಟ್ಟೆಯ ಚೂರಿನ ಮೇಲೆ ಬಳಿದು ಒಣಗಿಸಿ ನೋಡಿ. ಬೆರಳಿಗೆ ಕಪ್ಪು ಹತ್ತಿದರೆ ಸರಿ ಕಡಿಮೆಯಾಗಿದೆ. ಹೊಳೆದು, ಬಳಪ ಜಾರಿಹೋದರೆ ಸರಿ ಜಾಸ್ತಿ. ಬಟ್ಟೆಗೆ ಬಟ್ಟೆಗೆ ಈ ಹದ ಬೇರೆಯಾಗುವುದರಿಂದ ಚೂರಿನ ಪರೀಕ್ಷೆ ತಪ್ಪಿಸಬೇಡಿ.

ಬಳಿಯುವಾಗ ಬಟ್ಟೆಯನ್ನು ಕಣದಲ್ಲಿ ಹಲಗೆಯ ಮೇಲೆ ಬಿಗಿಯಾಗಿ ಎಳೆದು ಮೊಳೆ ಹೊಡೆದುಕೊಳ್ಳಿ. ಒಂದು ಮೈಗೆ ತೆಳ್ಳಗೆ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಮೈಗೆ. ಹೀಗೆ ಮೂರು ನಾಲ್ಕು ಕೈ ಆಗಬೇಕು. ದಪ್ಪಗೆ ಒಂದೇ ಸಲ ಬಳಿದರೆ ಮಡಿಕೆಯಲ್ಲಿ ಹೊಟ್ಟು ಹೊಟ್ಟಾಗಿ ಉದುರುತ್ತದೆ. ಎರಡನೇ ಕೈ ಅರೆ ಒಣಗಿರುವಾಗಲೇ 6 ಅಂಗುಲಕ್ಕೊಂದರಂತೆ 15 ಮಡಿಕೆಗಳನ್ನು ಹಿಂದೆ ಮುಂದೆ ಮಡಚಿ ಗುರುತು ಮಾಡಿಕೊಂಡುಬಿಡಿ. ಆಮೇಲಿನ ಕೈಗಳಲ್ಲಿ ಆ ಗೆರೆಯ ಆಚೀಚೆ ಉಗುರಿನಷ್ಟು ಜಾಗ ಬಿಟ್ಟು ಬಳಿಯಿರಿ. ಪೂರ್ತಿ ಒಣಗಿದ ಮೇಲೆ ನುಣುಪಾದ ಹೊಳೆಗಲ್ಲಿನಿಂದ ಹಗುರವಾಗಿ ಉಜ್ಜಬೇಕು. ಕಳಸದಲ್ಲಿ ಭದ್ರೆಗೆ ಇಳಿದರೆ ಬೇಕಾದಷ್ಟು ಕಲ್ಲು. ಕನ್ನಡಿ ಮಾಡಲು ಹೋಗಬೇಡಿ. ಮೇಲ್ಮೈಯಲ್ಲಿ ಸ್ವಲ್ಪ ತರಿ ಉಳಿದರಷ್ಟೇ ಬಳಪ ಹಿಡಿಯುತ್ತದೆ.

ಕಾಫಿ ನಾಡಿನವರು ಎಂದಾಕ್ಷಣ ಡಿಕಾಕ್ಷನ್ನಿನಲ್ಲಿ ಕಾಗದ ಅದ್ದಿ ಹಳೆಯದರಂತೆ ಮಾಡಿ ಎನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ನನಗೆ ಅದು ಸೇರುವುದಿಲ್ಲ. ಕಾಫಿಯ ಹುಳಿ ಕಾಗದವನ್ನು ಬೇಗ ಪೆಡಸು ಮಾಡುತ್ತದೆ, ಕಾಳಿದಾಸನಿಗೆ ಕಾಫಿಯ ಸಂಬಂಧವೂ ಇಲ್ಲ. ಪುಸ್ತಕದ ಚೀಲಕ್ಕೆ ಬಣ್ಣ ಬೇಕಿದ್ದರೆ ಪಟಿಕದ ನೀರಲ್ಲಿ ನೆನೆಸಿದ ಬಟ್ಟೆಯನ್ನು ಕಾಫಿಯಲ್ಲಿ ಅದ್ದಿಕೊಳ್ಳಿ, ಅಷ್ಟೇ.

33ರ ಲೆಕ್ಕ

ಬರೆಯುವ ಮೊದಲು ಒಂದು ಹಳೆ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ 15 ಮಡಿಕೆಯ ನಕಲು ಪುಸ್ತಕ ಮಾಡಿಕೊಳ್ಳಿ. ಮುಂಬದಿಯಲ್ಲಿ ಎಡದಿಂದ ಬಲಕ್ಕೆ 1ರಿಂದ 16, ಹೊರಳಿಸಿ ಹಿಂಬದಿಯಲ್ಲಿ ಮತ್ತೆ ಎಡದಿಂದ ಬಲಕ್ಕೆ 17ರಿಂದ 32 ಎಂದು ಸಂಖ್ಯೆ ಹಾಕಿ. ಬೆನ್ನಿಗೆ ಬೆನ್ನು ತಾಗಿದ ಯಾವ ಎರಡು ಪುಟವನ್ನು ಕೂಡಿಸಿದರೂ 33 ಬರುತ್ತದೆ: 16ರ ಹಿಂದೆ 17, 10ರ ಹಿಂದೆ 23, 1ರ ಹಿಂದೆ 32. ಈ ಪುಸ್ತಕದ ಗುಟ್ಟೆಲ್ಲ ಈ ಲೆಕ್ಕದಲ್ಲಿದೆ, ಯಾಕೆಂದರೆ ಬಟ್ಟೆಯ ಮೇಲೆ ಹಾಕಿದ ಹೊಲಿಗೆ ಎರಡೂ ಕಡೆ ಕಾಣುತ್ತದೆ.

ನಾಟಕಕ್ಕೆ ಏಳು ಅಂಕ. ನಾನು ಸೂಚಿಸುವ ಹಂಚಿಕೆ ಹೀಗೆ. 1–2 ನಾಂದಿ, ಪ್ರಸ್ತಾವನೆಗೆ. 3ರಿಂದ 5 ಮೊದಲ ಅಂಕ: ಜಿಂಕೆಯ ಬೆನ್ನಟ್ಟಿದ ರಥ, ಗಿಡಕ್ಕೆ ನೀರೆರೆಯುವ ಹುಡುಗಿಯರು, ಕಾಡುವ ದುಂಬಿ. ವಿದೂಷಕನ ಎರಡನೆಯ ಅಂಕಕ್ಕೆ ಎರಡೇ ಪುಟ, 6 ಮತ್ತು 7. 8ರಿಂದ 10 ಮೂರನೆಯ ಅಂಕ. ತಾವರೆ ಎಲೆಯ ಮೇಲೆ ಉಗುರಿನಿಂದ ಬರೆದ ಓಲೆ ಇರುವುದು ಇಲ್ಲಿ. 10ನೇ ಪುಟದ ಕೊನೆಗೆ ಉಂಗುರ. 11ರಿಂದ 16ರವರೆಗೆ, ಉಳಿದ ಅಂಕಗಳ ಹೊಟ್ಟೆ ಕಟ್ಟಿಯಾದರೂ, ನಾಲ್ಕನೆಯ ಅಂಕ. ಕಣ್ವ ಮಗಳನ್ನು ಕಳಿಸಿಕೊಡುವ ಈ ಅಂಕಕ್ಕೆ ಜಾಗ ಹೆಚ್ಚು ಕೊಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ. ಅಲ್ಲಿಗೆ ಮುಂಬದಿ ಮುಗಿಯಿತು. ಆಶ್ರಮ ಬಿಟ್ಟು ಹೊರಟವಳ ಜೊತೆ ಓದುಗನೂ ಇಡೀ ಪುಸ್ತಕವನ್ನು ಹೊರಳಿಸಬೇಕು. 17ರಿಂದ 20 ಐದನೆಯ ಅಂಕದ ಆಸ್ಥಾನ, 21ರಿಂದ 26 ಆರನೆಯದು, 27ರಿಂದ 32 ಮಾರೀಚಾಶ್ರಮದ ಏಳನೆಯದು.

ಈಗ 3ರಿಂದ 10ರವರೆಗಿನ ಪುಟಗಳನ್ನು ಬರಿಯ ಬಳಪದಲ್ಲಿ ಬರೆಯಿರಿ. 11ನೇ ಪುಟ ದುರ್ವಾಸನದು. ಅಲ್ಲಿ ಒಂದು ಪುಟ್ಟ ಜೇಬು ಹೊಲಿದು, ಒಳಗೆ ಒಂದು ತುಂಡು ಮೆತ್ತನೆ ಬಟ್ಟೆ ಇಡಿ. ಓದುಗ ಅದನ್ನು ತೆಗೆದುಕೊಂಡು ಹಿಂದಕ್ಕೆ ಹೋಗಿ 8, 9, 10ನ್ನು ಒರೆಸಬೇಕು. ಒಣ ಬಟ್ಟೆಯಲ್ಲೇ ಬಹುಪಾಲು ಹೋಗುತ್ತದೆ. ಒದ್ದೆ ಮಾಡಿದರೆ ಹುಣಸೆ ಸರಿ ಕರಗಿ ಕಪ್ಪೂ ಕಿತ್ತುಬರುತ್ತದೆ ಎಂದು ಜೇಬಿನ ಮೇಲೇ ಬರೆದಿಡಿ. ಒರೆಸಿದ ಮೇಲೆ 10ರಲ್ಲಿ ಹೊಲಿದ ಉಂಗುರ ಮಾತ್ರ ಉಳಿಯುತ್ತದೆ. ನಾಲ್ಕನೆಯ ಅಂಕದ ಪುಟಗಳನ್ನು ಬಟ್ಟೆಗೆ ಬಳಿಯುವ ಬಿಳಿ ಫ್ಯಾಬ್ರಿಕ್ ಬಣ್ಣದಲ್ಲಿ ಸಣ್ಣ ಕುಂಚದಿಂದ ಬರೆಯಿರಿ. ಅವು ಅಳಿಯುವುದಿಲ್ಲ. ಮರೆತವನು ರಾಜ, ಆಶ್ರಮವಲ್ಲ.

ಉಂಗುರಕ್ಕೆ ತೆಳು ಸೂಜಿ, ಹಳದಿ ರೇಷ್ಮೆ ದಾರ ಅಥವಾ ಹಳೆ ಸೀರೆಯಂಚಿನ ಜರಿ. ಸರಪಳಿ ಹೊಲಿಗೆ ಹಾಕಿದರೆ ಮುಂದೆ ಕೊಂಡಿಕೊಂಡಿಯಾಗಿ, ಹಿಂದೆ ಸಾದಾ ಗೆರೆಯಾಗಿ ಕಾಣುತ್ತದೆ. ಹೊಲಿಗೆ ಬಿದ್ದದ್ದು 10ನೇ ಪುಟದಲ್ಲಾದರೆ ಹಿಂದೆ ಮೂಡುವುದು 23ರಲ್ಲಿ: ಆರನೆಯ ಅಂಕ, ಮೀನಿನ ಹೊಟ್ಟೆಯಲ್ಲಿ ಸಿಕ್ಕ ಉಂಗುರ ರಾಜನ ಕೈ ಸೇರುವ ಜಾಗ. ಉಂಗುರದಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ದಿನಕ್ಕೊಂದರಂತೆ ಎಣಿಸು, ಮುಗಿಯುವಷ್ಟರಲ್ಲಿ ಕರೆದೊಯ್ಯಲು ಜನ ಬರುತ್ತಾರೆ ಎಂದು ದುಷ್ಯಂತ ಹೇಳಿ ಹೋಗಿರುತ್ತಾನೆ. ಆ ಮೂರು ಅಕ್ಷರವನ್ನೂ ಉಂಗುರದೊಳಗೆ ಹೊಲಿಯಿರಿ. ಹಿಂಬದಿಯಲ್ಲಿ ಅವು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡುತ್ತವೆ. ಒಂದೇ ಕಡೆ ಕಾಣುವಂತೆ ಹೊಲಿಯುವ ಉಪಾಯ ದರ್ಜಿಗಳಿಗೆ ಗೊತ್ತು, ಇಲ್ಲಿ ಬೇಡ. ತನ್ನ ಹೆಸರನ್ನೇ ತಡವರಿಸಿ ಓದಿಕೊಳ್ಳುವ ರಾಜ ಚೆನ್ನಾಗಿಯೇ ಇದ್ದಾನೆ.

ಒರೆಸಿದ 8, 9, 10ರ ಬೆನ್ನಿಗಿರುವುದು 25, 24, 23. ನೆನಪು ಮರಳಿದ ದುಷ್ಯಂತ ಆರನೆಯ ಅಂಕದಲ್ಲಿ ಶಕುಂತಲೆಯ ಚಿತ್ರ ಬರೆಯುತ್ತಾನೆ, ಚಿತ್ರದೊಳಗಿನ ದುಂಬಿಯನ್ನು ನಿಜವೆಂದು ಗದರುತ್ತಾನೆ. ಆದ್ದರಿಂದ 24 ಮತ್ತು 25ನ್ನು ಖಾಲಿ ಬಿಟ್ಟು, ಒಂದು ತುಂಡು ಬಳಪವನ್ನು ದಾರದಲ್ಲಿ ಕಟ್ಟಿಡಿ. ಒರೆಸಿದವನೇ ನೆನಪಿನಿಂದ ಮತ್ತೆ ಬರೆಯಲಿ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಎರಡು ಖಾಲಿ ಪುಟ.

ಬಳಪದ ಕೈ

ಸ್ಲೇಟಿಗೆ ಬಳಸುವ ಬಳಪ ಸಣ್ಣ ಅಕ್ಷರಕ್ಕೆ ಸಾಕು. ದಪ್ಪ ಗೆರೆಗೆ ವೆಲ್ಡಿಂಗ್ ಶಾಪಿನವರು ಕಬ್ಬಿಣದ ಮೇಲೆ ಗುರುತು ಹಾಕುವ ಬಳಪದ ಕಲ್ಲಿನ ಪಟ್ಟಿ ಕೇಳಿ, ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕೊರೆದದ್ದೂ ಇದೇ ಜಾತಿಯ ಕಲ್ಲನ್ನು. ಚಾಕ್‌ಪೀಸ್ ಬೇಡ, ಪುಡಿ ಉದುರಿ ಎದುರು ಪುಟಕ್ಕೆ ಹತ್ತುತ್ತದೆ. ಬಳಪವನ್ನು ಒರಟು ಕಲ್ಲಿಗೆ ಉಜ್ಜಿ ಓರೆಯಾಗಿ ಹರಿತ ಮಾಡಿಕೊಂಡರೆ ಕನ್ನಡದ ತಲೆಕಟ್ಟು, ಒತ್ತಕ್ಷರ ಸುಲಭವಾಗಿ ಬರುತ್ತವೆ.

ಕಪ್ಪಿನ ಮೇಲೆ ಬಿಳಿ ಎಂದರೆ ನೆರಳಲ್ಲ, ಬೆಳಕನ್ನು ಬರೆಯುವುದು. ಪೆನ್ಸಿಲ್ಲಿಗೆ ಒಗ್ಗಿದ ಕೈ ಮೊದಲು ಎಡವುತ್ತದೆ. ಮುಖದ ಸುತ್ತುಗೆರೆ ಎಳೆಯುವ ಬದಲು ಬೆಳಕು ಬಿದ್ದ ಕೆನ್ನೆಯನ್ನಷ್ಟೇ ಹಾಕಿ ನೋಡಿ. ಹಿನ್ನೆಲೆಯ ದೃಶ್ಯಾವಳಿಯಂತೂ ಬೇಡವೇ ಬೇಡ. ಕಾಳಿದಾಸನ ರಂಗಸೂಚನೆಗಳನ್ನು ಗಮನಿಸಿ: ರಥದ ವೇಗವನ್ನು ಅಭಿನಯದಲ್ಲಿ ತೋರಿಸು, ನೀರೆರೆಯುವುದನ್ನು ಅಭಿನಯಿಸು ಎನ್ನುತ್ತಾನೆಯೇ ಹೊರತು ನಿಜವಾದ ರಥವನ್ನು ರಂಗಕ್ಕೆ ತರುವುದಿಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ವೇಷಧಾರಿ ಒಂದು ಸುತ್ತು ಹಾಕಿದರೆ ಕಾಡು ಹೋಗಿ ಅರಮನೆ ಬಂದಿರುತ್ತದೆ. ಹಾಗಾಗಿ ಕೈಗಳನ್ನು ಬರೆಯಿರಿ. ನೀರೆರೆಯುವ ಕೈ, ದುಂಬಿಯನ್ನು ಓಡಿಸುವ ಕೈ, ಐದನೆಯ ಅಂಕದಲ್ಲಿ ಉಂಗುರಕ್ಕೆಂದು ಬೆರಳು ತಡವಿ ಬರಿದೆಂದು ಕಂಡ ಕೈ. 17ರಿಂದ 20ರ ಪುಟಗಳಿಗೆ ಆ ಬೆರಳು ಮತ್ತು ಮುಸುಕಿನ ಒಂದು ಗೆರೆ ಬಿಟ್ಟರೆ ಬೇರೇನೂ ಬೇಡ.

ಗಿಡಮರಗಳನ್ನು ಮಾತ್ರ ಕಣ್ಣೆದುರು ಇಟ್ಟುಕೊಂಡೇ ಬರೆಯಿರಿ. ಕಣ್ವಾಶ್ರಮ ಹಿಮಾಲಯದ ತಪ್ಪಲಿನದಾದರೂ, ಶಕುಂತಲೆ ‘ವನಜ್ಯೋತ್ಸ್ನೆ’ ಎಂದು ಹೆಸರಿಟ್ಟ ಮಲ್ಲಿಗೆ ಬಳ್ಳಿ ಮಾವನ್ನು ತಬ್ಬಿದ್ದನ್ನು ಬರೆಯಲು ತೋಟದಲ್ಲಿ ಹಾಲುವಾಣಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನೋಡಿದರೆ ಬಳ್ಳಿ ಮರವನ್ನು ಎಲ್ಲಿ ಹೇಗೆ ಹಿಡಿಯುತ್ತದೆಂದು ತಿಳಿಯುತ್ತದೆ. ಆರನೆಯ ಅಂಕದ ಮೀನಿಗೆ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಒಂದು ಗಂಟೆ ಕುಳಿತು ಬನ್ನಿ, ಕೈಗೆಟಕುವಷ್ಟು ಹತ್ತಿರಕ್ಕೆ ಹಿಂಡು ಹಿಂಡು ಮೀನು ಬರುತ್ತವೆ. ಏಳನೆಯ ಅಂಕದಲ್ಲಿ ಸಿಂಹದ ಮರಿಯ ಬಾಯಿ ತೆರೆಸುವ ಹುಡುಗ ಸರ್ವದಮನನಿಗೆ ಬೇಲೂರಿನ ಹೊಯ್ಸಳ ಲಾಂಛನದ ಸಿಂಹ ಒಳ್ಳೆಯ ಮಾದರಿ. ಹೊಯ್ಸಳರ ಮೂಲಸ್ಥಾನ ಸೊಸೆವೂರು ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಎಂಬುದು ನೆನಪಿದ್ದರೆ ಗೆರೆಗೆ ಸ್ವಲ್ಪ ಧೈರ್ಯವೂ ಬಂದೀತು. ಆ ಅಂಕದಲ್ಲಿ ಮಗುವನ್ನು ರಮಿಸಲು ತರುವ ಮಣ್ಣಿನ ನವಿಲನ್ನು ಮರೆಯಬೇಡಿ. ಕಪ್ಪು ಬಿಳುಪಿನ ಪುಸ್ತಕದಲ್ಲಿ ಅದೊಂದಕ್ಕೆ ಬಣ್ಣ ಹಾಕುವುದಾದರೆ ನನ್ನ ವಿರೋಧವಿಲ್ಲ.

9ನೇ ಪುಟದ ಓಲೆಗೆ ನಿಜವಾದ ಎಲೆಯನ್ನೇ ಇಡಬಹುದು. ತಾವರೆ ಎಲೆ ಒಣಗಿದರೆ ಪುಡಿಯಾಗುತ್ತದೆ. ಅಗಲವಾದ ಬಲಿತ ರೊಬಸ್ಟಾ ಎಲೆ ತಂದು, ಹಸಿಯಿರುವಾಗಲೇ ಉಗುರಲ್ಲೋ ಮೊಂಡು ಸೂಜಿಯಲ್ಲೋ ಮೂರು ನಾಲ್ಕು ಪದ ಗೀರಿ. ಗೀರಿದ ಗೆರೆ ನೋಡುತ್ತಿದ್ದಂತೆ ಕಂದಾಗುತ್ತದೆ. ಹಳೆ ದಿನಪತ್ರಿಕೆಗಳ ನಡುವೆ ಭಾರ ಹೇರಿ, ದಿನಾ ಕಾಗದ ಬದಲಿಸಿ ಒಣಗಿಸಿ. ಅಂಟಿಸಬೇಡಿ, ಪುಟಕ್ಕೆ ಎರಡು ಸೀಳು ಕೊಟ್ಟು ಅದರಲ್ಲಿ ಸಿಕ್ಕಿಸಿ. ಮುರಿದರೆ ಹೊಸ ಎಲೆ, ತೋಟದಲ್ಲಿ ಅದಕ್ಕೇನೂ ಬರವಿಲ್ಲ.

ಹಲಗೆ ಮತ್ತು ಹಾಳೆ

ಎರಡು ತುದಿಗೆ 6¼ × 8¼ ಅಂಗುಲದ ತೆಳು ಹಲಗೆ. ಸಿಲ್ವರ್ ಓಕ್ ಹಗುರ, ಬಡಗಿಯ ಹತ್ತಿರ ಚೂರು ಸಿಗುತ್ತದೆ. ಹಲಸು ಇನ್ನೂ ಚೆಂದ, ಆದರೆ ಭಾರ. ಮರ ಚೆನ್ನಾಗಿ ಒಣಗಿರಲಿ, ಸಣ್ಣ ತೂತು ಕಂಡರೆ ಬಿಟ್ಟುಬಿಡಿ, ಕುಟ್ಟೆ ಹುಳ ಪುಸ್ತಕಕ್ಕೂ ಇಳಿಯುತ್ತದೆ. ಹೊರಮೈಗೆ ಅಡಿಕೆ ಹಾಳೆ ಹೊದಿಸಿ. ಬಿದ್ದು ಬಹಳ ದಿನವಾಗದ ಹಾಳೆಯನ್ನು ಅರ್ಧ ದಿನ ನೀರಲ್ಲಿ ನೆನೆಸಿ, ಬಿಡಿಸಿ, ಎರಡು ಹಲಗೆಯ ನಡುವೆ ಒತ್ತಿಟ್ಟು ಒಣಗಿಸಿದರೆ ಚಪ್ಪಟೆಯಾಗುತ್ತದೆ. ಒಳಮೈಯ ನುಣುಪು ಮೇಲೆ ಬರಲಿ. ಮೈದಾ ಅಂಟಿನಲ್ಲಿ ಹಚ್ಚಿ ಒಂದು ರಾತ್ರಿ ಭಾರ ಹೇರಿ.

ಹಳೆಯ ಬೈಂಡರುಗಳು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ಬರದಿರಲೆಂದು. ಅಡಿಕೆಗೆ ಬೋರ್ಡೋ ಹೊಡೆಯುವ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಹಲಗೆಯ ಅಂಟಿಗೆ ಹಾಕುವುದಾದರೆ ಹಾಕಿ, ಕೈಗವಸು ಹಾಕಿಕೊಳ್ಳಿ. ಪುಟಗಳಿಗೆ ಬಳಿಯುವ ಕಪ್ಪಿಗೆ ಮಾತ್ರ ಬೇಡ. ಅದು ವಿಷ, ಮತ್ತು ಈ ಪುಸ್ತಕವನ್ನು ಒರೆಸುವವರಲ್ಲಿ ಮಕ್ಕಳೂ ಇರುತ್ತಾರೆ. ಬೇವಿನ ಎಲೆ ಕುದಿಸಿದ ನೀರಲ್ಲಿ ಸರಿ ಕಾಯಿಸಿಕೊಂಡರೆ ಸಾಕು.

ಬಟ್ಟೆಯ ತುದಿಯ 2 ಅಂಗುಲವನ್ನು ಹಲಗೆಯ ಒಳಮೈಗೆ ಅಂಟಿಸಿ. ಕಟ್ಟಲು ಹತ್ತಿಯ ಲಾಡಿ. ಬಾಳೆ ನಾರು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಾಲ್ಕು ಸಲ ಬಿಚ್ಚಿ ಕಟ್ಟಿದರೆ ಸೀಳುತ್ತದೆ.

ಬೇರೆ ನಾಟಕವಾದರೆ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅನ್ನು ‘ಬಿರುಗಾಳಿ’ಯಾಗಿ, ‘ಹ್ಯಾಮ್ಲೆಟ್’ ಅನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ಯಾಗಿ ಬರೆದರು. ಮಲೆನಾಡಿನಲ್ಲಿ ಕುಳಿತು ಪುಸ್ತಕ ಮಾಡುವವರಿಗೆ ಎರಡೂ ಆಸೆ ಹುಟ್ಟಿಸುತ್ತವೆ. ಅವರು ತೀರಿಕೊಂಡದ್ದು 1994ರಲ್ಲಿ, ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಒಂದು ಪ್ರತಿ ಮಾಡಿಕೊಳ್ಳುವುದು ಬೇರೆ, ಪ್ರದರ್ಶನಕ್ಕಿಟ್ಟು ಮಾರುವುದು ಬೇರೆ. ಅಲ್ಲದೆ ಅವಕ್ಕೆ ಕಡತವೇ ಆಗಬೇಕೆಂದಿಲ್ಲ. ‘ಬಿರುಗಾಳಿ’ಗೆ ಹೊಲಿಗೆಯೇ ಇಲ್ಲದ, ಗಾಳಿ ಬೀಸಿದರೆ ಕ್ರಮ ತಪ್ಪುವ ಬಿಡಿ ಹಾಳೆಗಳ ಪೆಟ್ಟಿಗೆ ಹೊಂದೀತು. ನಾಟಕ ಯಾವುದು ಎಂದು ಮೊದಲು ನಿರ್ಧರಿಸಿ, ರೂಪ ಆಮೇಲೆ. ಕಡತ ಮಾಡಲು ಕಲಿತೆವೆಂದು ಕಂಡ ನಾಟಕವನ್ನೆಲ್ಲ ಕಪ್ಪು ಬಟ್ಟೆಗೆ ಇಳಿಸುವುದು ಬೇಡ.

ಮಳೆಗಾಲಕ್ಕೆ

ಮೇ ಮುಗಿಯುವುದರೊಳಗೆ ಬಳಿಯುವ, ಅಂಟಿಸುವ ಕೆಲಸ ಮುಗಿದಿರಲಿ. ಬರೆಯುವುದನ್ನು ಬೇಕಾದರೆ ಆಷಾಢದ ಮಧ್ಯಾಹ್ನಗಳಿಗೆ ಉಳಿಸಿಕೊಳ್ಳಬಹುದು, ಒಲೆಯ ಹತ್ತಿರ ಕುಳಿತು. ಹುಣಸೆ ಸರಿ ಎಂದರೆ ಹುಳಕ್ಕೂ ಬೂಸಲಿಗೂ ಆಹಾರವೇ. ಬಟ್ಟೆಯ ಚೀಲದಲ್ಲಿ ಬಜೆ ಬೇರಿನ ತುಂಡು, ಒಂದು ಹಿಡಿ ಕಾಳುಮೆಣಸು ಹಾಕಿ, ಟ್ರಂಕಿನೊಳಗಿಟ್ಟು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ. ಪ್ಲಾಸ್ಟಿಕ್ ಕವರು ಹಾಕಿದರೆ ಒಳಗೇ ಬೆವರುತ್ತದೆ. ವಾರಕ್ಕೊಮ್ಮೆ ತೆಗೆದು ಪೂರ್ತಿ ಬಿಡಿಸಿ ಮತ್ತೆ ಮಡಚಿ. ಬಿಳಿ ಬೂಸಲು ಕಂಡರೆ ಒಣ ಬಟ್ಟೆಯಲ್ಲಿ ಸವರಿ ಬಿಸಿಲು ಬಂದಾಗ ಹರವಿ. ಒರೆಸಿ ಒರೆಸಿ 8, 9, 10ನೇ ಪುಟಗಳು ಬೂದಾಗಿದ್ದರೆ ಉಂಗುರದ ಮೇಲೆ ಮೇಣ ಸವರಿಕೊಂಡು, ಸುತ್ತ ತೆಳ್ಳಗೆ ಒಂದು ಕೈ ಕಪ್ಪು ಬಳಿಯಿರಿ. ಹಿಂಬದಿಯಲ್ಲಿ ಮನೆಗೆ ಬಂದವರು ಬರೆದ ಶಕುಂತಲೆಯರನ್ನು ಒರೆಸುವ ಮೊದಲು ಫೋನಿನಲ್ಲಿ ಒಂದೊಂದು ಫೋಟೋ ತೆಗೆದಿಡಿ.